ಒಂದು ಹೆಸರು, ಎರಡು ಲಕ್ಷಣ: ‘ಸಿ’ ಭಾಷೆಯ ಹೆಡರ್ ಕಡತಗಳ ಇತಿಹಾಸ

೧

ಯಾವುದೇ ಶಾಸ್ತ್ರದಲ್ಲಿ ಒಂದು ಸಂಜ್ಞೆಗೆ ಒಂದೇ ಲಕ್ಷಣವಿರಬೇಕು, ಆ ಲಕ್ಷಣವನ್ನು ಒಂದೇ ಸ್ಥಳದಲ್ಲಿ ಹೇಳಿರಬೇಕು ಎಂಬುದು ಭಾರತೀಯ ವೈಯಾಕರಣರಿಗೆ ಬಹು ಹಿಂದೆಯೇ ತಿಳಿದಿದ್ದ ನಿಯಮ. ಪಾಣಿನಿಯ ಅಷ್ಟಾಧ್ಯಾಯಿಯ ಮೊದಲನೆಯ ಸೂತ್ರವೇ ಒಂದು ಸಂಜ್ಞಾಸೂತ್ರ. ಆ, ಐ, ಔ ಎಂಬ ಮೂರು ಸ್ವರಗಳಿಗೆ ‘ವೃದ್ಧಿ’ ಎಂಬ ಹೆಸರನ್ನು ಅದು ಕೊಡುತ್ತದೆ. ಅಲ್ಲಿಂದ ಮುಂದೆ ಎಂಟು ಅಧ್ಯಾಯಗಳಲ್ಲಿ ಎಲ್ಲಿ ಆ ಪ್ರಸ್ತಾಪ ಬಂದರೂ ಹೆಸರು ಮಾತ್ರ ಬರುತ್ತದೆ. ಲಕ್ಷಣ ಮತ್ತೆ ಬರುವುದಿಲ್ಲ. ಇದನ್ನು ಕೇವಲ ಲಾಘವದ ಆಸೆಯೆಂದು ತಿಳಿಯಲಾಗದು. ಲಕ್ಷಣವನ್ನು ಎರಡು ಕಡೆ ಹೇಳಿದಲ್ಲಿ, ಕಾಲಕ್ರಮದಲ್ಲಿ ಒಂದು ಕಡೆ ತಿದ್ದುಪಡಿಯಾಗಿ ಇನ್ನೊಂದು ಕಡೆ ಹಳೆಯದೇ ಉಳಿದುಕೊಳ್ಳುತ್ತದೆ. ಆಗ ಒಂದೇ ಹೆಸರು ಎರಡು ಪದಾರ್ಥಗಳನ್ನು ಹೇಳತೊಡಗುತ್ತದೆ. ಕೇಳುವವನಿಗೆ ಅದು ಗೊತ್ತಾಗುವುದೂ ಇಲ್ಲ.

ಇದರಿಂದಾಗುವ ಹಾನಿ ಎಂತಹುದೆಂಬುದನ್ನು ಹೈದರಾಬಾದಿನ ಕನ್ನಡಿಗರು ಗ್ರಂಥಗಳಿಂದ ಕಲಿಯಬೇಕಾಗಿಲ್ಲ. ನಿಜಾಮರ ಸಂಸ್ಥಾನದಲ್ಲಿ ‘ರೂಪಾಯಿ’ ಎಂಬ ಒಂದೇ ಹೆಸರಿಗೆ ಎರಡು ಲಕ್ಷಣಗಳಿದ್ದುವು. ಸಂಸ್ಥಾನದ ಟಂಕಸಾಲೆಯ ಹಾಲಿ ಸಿಕ್ಕಾ ಒಂದು. ಬ್ರಿಟಿಷ್ ಇಂಡಿಯದ ಕಲ್ದಾರ ಇನ್ನೊಂದು. ಗುಲಬರ್ಗ, ರಾಯಚೂರು, ಬೀದರ ಜಿಲ್ಲೆಗಳಲ್ಲಿ ಹಾಲಿ ನಡೆಯುತ್ತಿತ್ತು. ಗಡಿಯಾಚೆಯ ಬಿಜಾಪುರ, ಧಾರವಾಡ, ಬಳ್ಳಾರಿಗಳಲ್ಲಿ ಕಲ್ದಾರ. ಎರಡಕ್ಕೂ ಹದಿನಾರಾಣೆಯೇ, ಎರಡರ ಹೆಸರೂ ರೂಪಾಯಿಯೇ. ೧೯೫೦ರಲ್ಲಿ ಭಾರತದ ರೂಪಾಯಿಯನ್ನು ಸಂಸ್ಥಾನದ ನಾಣ್ಯದ ಜತೆಗೆ ಚಲಾವಣೆಗೆ ತಂದಾಗ ಏಳು ಹಾಲಿಗೆ ಆರು ಭಾರತೀಯ ರೂಪಾಯಿ ಎಂಬ ಪ್ರಮಾಣ ಬಳಕೆಯಲ್ಲಿತ್ತು. ಎಂದರೆ, ಒಂದು ಕಲ್ದಾರಕ್ಕೆ ಹಾಲಿಯ ಲೆಕ್ಕದಲ್ಲಿ ಒಂದು ರೂಪಾಯಿ ಎರಡಾಣೆ ಎಂಟು ಪೈ.

ಈ ಇಬ್ಬಗೆಯಿಂದ ಹುಟ್ಟಬಹುದಾದ ತೊಡಕು ಎರಡು ವಿಧದ್ದು. ಒಂದೇ ಖಾತೆಪುಸ್ತಕದ ಒಂದೇ ಪುಟದಲ್ಲಿ ಹಾಲಿಯೂ ಕಲ್ದಾರವೂ ಬೆರೆತುಬಂದರೆ ಗುಮಾಸ್ತನ ಕಣ್ಣಿಗೆ ಅದು ಕೂಡಲೇ ಬೀಳುತ್ತದೆ. ಆತ ಲೇಖನಿಯನ್ನು ತಡೆದು ವಿಚಾರಿಸುತ್ತಾನೆ. ಇದು ಕಿರುಕುಳವೇ ಹೊರತು ಅಪಾಯವಲ್ಲ. ಆದರೆ ರಾಯಚೂರಿನ ಅಂಗಡಿಯ ಪುಸ್ತಕದಲ್ಲಿ ೭೦೦ ರೂಪಾಯಿ ಎಂದು ಬರೆದಿದ್ದು, ಬಳ್ಳಾರಿಯ ಅಂಗಡಿಯ ಪುಸ್ತಕದಲ್ಲಿಯೂ ೭೦೦ ರೂಪಾಯಿ ಎಂದೇ ಬರೆದಿದ್ದರೆ, ಎರಡು ಪುಸ್ತಕಗಳೂ ತಮ್ಮಷ್ಟಕ್ಕೆ ನಿರ್ದೋಷವಾದುವೇ. ಕೂಡಿಸಿದ ಮೊತ್ತಗಳಲ್ಲಿ ತಪ್ಪಿಲ್ಲ, ಬರೆದ ಅಂಕಿಗಳಲ್ಲಿ ಭೇದವಿಲ್ಲ. ಲೆಕ್ಕ ಚುಕ್ತಾ ಮಾಡುವ ದಿನ ಮಾತ್ರ ನೂರು ಕಲ್ದಾರ ಎಲ್ಲಿ ಹೋಯಿತೆಂದು ಇಬ್ಬರೂ ಹುಡುಕಬೇಕಾಗುತ್ತದೆ. ೧೯೫೧ರಲ್ಲಿ ಹಾಲಿ ರೂಪಾಯಿಯನ್ನು ಹೊರಡಿಸುವುದು ನಿಂತಿತು. ೧೯೫೯ರಲ್ಲಿ ಅದು ಶಾಸನಬದ್ಧ ನಾಣ್ಯವಾಗಿಯೂ ಉಳಿಯಲಿಲ್ಲ. ಹೆಸರೊಂದಕ್ಕೆ ಲಕ್ಷಣವೂ ಒಂದೇ ಆಯಿತು.

ಕಣ್ಣಿಗೆ ಬೀಳುವ ವಿರೋಧ, ಕಣ್ಣಿಗೆ ಬೀಳದ ವಿರೋಧ ಎಂಬ ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡು ಗಣಕಯಂತ್ರದ ‘ಸಿ’ ಭಾಷೆಯ ಇತಿಹಾಸವನ್ನು ನೋಡಿದರೆ, ಅದರ ಒಂದು ಮುಖ್ಯ ಅಧ್ಯಾಯ ತಾನಾಗಿ ತಿಳಿಯಾಗುತ್ತದೆ. ಒಂದೇ ಪ್ರಕಾರದ ಲಕ್ಷಣ ಎರಡು ಕಡತಗಳಲ್ಲಿ ಬಾರದಂತೆ ನೋಡಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಆ ಭಾಷೆಯನ್ನು ಅರ್ಧ ಶತಮಾನ ಕಾಡಿದೆ.

೨

ಹೈದರಾಬಾದಿನ ಇ.ಸಿ.ಐ.ಎಲ್. ಸಂಸ್ಥೆ ಟಿ.ಡಿ.ಸಿ.-೧೨ ಎಂಬ ಸ್ವದೇಶೀ ಗಣಕವನ್ನು ಹೊರತಂದ ೧೯೬೯ರಲ್ಲಿಯೇ, ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಕೆನ್ ಥಾಮ್ಸನ್, ಡೆನ್ನಿಸ್ ರಿಚಿ ಮೊದಲಾದವರು ‘ಯುನಿಕ್ಸ್’ ಎಂಬ ವ್ಯವಸ್ಥೆಯ ಕೆಲಸಕ್ಕೆ ತೊಡಗಿದರು. ಅಲ್ಲಿ ಮೊದಲು ಬಳಕೆಯಲ್ಲಿದ್ದುದು ಥಾಮ್ಸನ್ನರ ‘ಬಿ’ ಭಾಷೆ. ಅದರಲ್ಲಿ ಪದಾರ್ಥಗಳಿಗೆ ಪ್ರಕಾರಭೇದವೇ ಇರಲಿಲ್ಲ. ಎಲ್ಲವೂ ಯಂತ್ರದ ಒಂದೊಂದು ಕೋಶ. ಭೇದವಿಲ್ಲದೆಡೆ ಲಕ್ಷಣದ ಜಗಳವೂ ಇರುವುದಿಲ್ಲ. ರಿಚಿಯವರು ಅದನ್ನು ಬೆಳೆಸಿ ‘ಸಿ’ ಎಂದು ಹೆಸರಿಟ್ಟಾಗ ಅಕ್ಷರ, ಪೂರ್ಣಾಂಕ ಮುಂತಾದ ಪ್ರಕಾರಗಳು ಬಂದುವು. ಅನೇಕ ಅಂಗಗಳನ್ನು ಒಂದೇ ಹೆಸರಿನಡಿ ಕಟ್ಟುವ ‘ಸ್ಟ್ರಕ್ಟ್’ ಬಂದಿತು. ಇವುಗಳ ಬಲದಿಂದಲೇ ೧೯೭೩ರ ಬೇಸಿಗೆಯಲ್ಲಿ ಯುನಿಕ್ಸಿನ ಒಳತಿರುಳನ್ನು ‘ಸಿ’ಯಲ್ಲಿ ಮತ್ತೆ ಬರೆಯುವುದು ಸಾಧ್ಯವಾಯಿತು.

‘ಸಿ’ಯ ಸ್ವಭಾವದಲ್ಲಿ ಒಂದು ವಿಶೇಷವಿದೆ. ದೊಡ್ಡ ಕ್ರಮವಿಧಿಯನ್ನು ಅನೇಕ ಕಡತಗಳಾಗಿ ಒಡೆದು, ಒಂದೊಂದನ್ನೂ ಕಂಪೈಲರಿಗೆ ಬೇರೆಬೇರೆಯಾಗಿ ಕೊಡುತ್ತಾರೆ. ಕಂಪೈಲರು ಒಂದು ಕಡತವನ್ನು ಮುಗಿಸಿ ಇನ್ನೊಂದಕ್ಕೆ ಕೈಹಾಕುವಾಗ ಹಿಂದಿನದರ ನೆನಪನ್ನು ಪೂರ್ತಿಯಾಗಿ ಬಿಟ್ಟುಬಿಡುತ್ತದೆ. ಕೊನೆಗೆ ಲಿಂಕರ್ ಎಂಬ ಬೇರೊಂದು ಸಾಧನ ಈ ತುಂಡುಗಳನ್ನು ಹೆಸರು ನೋಡಿ ಬೆಸೆಯುತ್ತದೆ. ಹೀಗಿರುವುದರಿಂದ ‘ಖಾತೆ’ ಎಂಬ ಪ್ರಕಾರದಲ್ಲಿ ಯಾವಯಾವ ಅಂಗಗಳಿವೆ ಎಂಬುದನ್ನು, ಅದನ್ನು ಬಳಸುವ ಪ್ರತಿಯೊಂದು ಕಡತದಲ್ಲಿಯೂ ಹೇಳಲೇಬೇಕು. ಹೇಳುವ ಮಾರ್ಗಗಳು ಎರಡು: ಪ್ರತಿಯೊಂದು ಕಡತದಲ್ಲಿಯೂ ಕೈಯಿಂದ ನಕಲು ಮಾಡುವುದು, ಇಲ್ಲವೇ ಲಕ್ಷಣವನ್ನು ಒಂದೇ ಕಡತದಲ್ಲಿ ಬರೆದಿಟ್ಟು, ಬೇಕಾದವರೆಲ್ಲ ಅದನ್ನು ತರಿಸಿಕೊಳ್ಳುವುದು.

ಎರಡನೆಯ ಮಾರ್ಗ ೧೯೭೨–೭೩ರ ಸುಮಾರಿನಲ್ಲಿ ತೆರೆಯಿತು. ಅಲನ್ ಸ್ನೈಡರರ ಒತ್ತಾಯದಿಂದಲೂ, ಬಿ.ಸಿ.ಪಿ.ಎಲ್., ಪಿ.ಎಲ್./೧ ಎಂಬ ಭಾಷೆಗಳಲ್ಲಿ ಆಗಲೇ ಇದ್ದ ಸೌಕರ್ಯವನ್ನು ಕಂಡೂ ರಿಚಿಯವರು ಕಂಪೈಲರಿಗೆ ಮುಂಚೆ ನಡೆಯುವ ಒಂದು ಪೂರ್ವಸಂಸ್ಕಾರವನ್ನು ಸೇರಿಸಿದರು. ಅದೇ ಪ್ರೀಪ್ರೊಸೆಸರ್. ‘ಇನ್‌ಕ್ಲೂಡ್’ ಎಂಬ ಆಜ್ಞೆಯನ್ನು ಕಂಡಲ್ಲಿ ಅದು ಹೆಸರಿಸಿದ ಕಡತದ ಪಠ್ಯವನ್ನು ಅಕ್ಷರಶಃ ಅಲ್ಲಿಯೇ ತಂದು ಸುರಿಯುತ್ತದೆ, ಅರ್ಥವನ್ನು ವಿಚಾರಿಸುವುದಿಲ್ಲ. ಇಂತಹ ಕಡತಗಳನ್ನು ಕ್ರಮವಿಧಿಯ ತಲೆಯಲ್ಲಿಯೇ ತರಿಸುವುದು ರೂಢಿಯಾದುದರಿಂದ ಅವುಗಳಿಗೆ ಹೆಡರ್ ಕಡತಗಳೆಂಬ ಹೆಸರು ನಿಂತಿತು. ಬಳಿಕ ಮೈಕ್ ಲೆಸ್ಕ್, ಜಾನ್ ರೈಸರ್ ಎಂಬುವರು ಈ ಪೂರ್ವಸಂಸ್ಕಾರಕ್ಕೆ ಷರತ್ತಿನ ಆಜ್ಞೆಗಳನ್ನು ಕೂಡಿಸಿದರು. ‘ಇಂತಹ ಗುರುತು ಇದ್ದರೆ ಈ ಭಾಗವನ್ನು ಓದು, ಇಲ್ಲವಾದರೆ ಬಿಡು’ ಎಂಬ ಈ ಆಜ್ಞೆಗಳು ಮುಂದೆ ಅಪೇಕ್ಷಿಸದಿದ್ದ ಒಂದು ಉಪಯೋಗಕ್ಕೆ ಬಂದುವು.

ಮಾರ್ಗ ತೆರೆದ ಕೂಡಲೇ ಎಲ್ಲರೂ ಅದರಲ್ಲಿ ನಡೆದರೆಂದಲ್ಲ. ೧೯೭೫ರ ಆರನೆಯ ಆವೃತ್ತಿಯ ಯುನಿಕ್ಸಿನಲ್ಲಿ ಒಳತಿರುಳಿಗೆ ಸಂಬಂಧಿಸಿದ ಹೆಡರ್ ಕಡತಗಳು ಇದ್ದುವು. ಆದರೆ ಕಡತಗಳ ಪಟ್ಟಿಯನ್ನು ಕೊಡುವ ‘ಎಲ್‌ಎಸ್’ ಎಂಬ ಸಾಮಾನ್ಯ ಕ್ರಮವಿಧಿ, ಕಡತದ ವಿವರಗಳ ವಿನ್ಯಾಸವನ್ನು ತನ್ನ ಪಠ್ಯದೊಳಗೆ ತಾನೇ ನಕಲು ಮಾಡಿಕೊಂಡಿತ್ತು. ಒಳತಿರುಳಿನಲ್ಲಿ ಆ ವಿನ್ಯಾಸ ಬದಲಾದರೆ ‘ಎಲ್‌ಎಸ್’ಗೆ ತಿಳಿಸುವವರು ಯಾರೂ ಇಲ್ಲ.

ಆ ಕಾಲದ ಇನ್ನೊಂದು ಕುರುಹು ಇಂದಿಗೂ ಉಳಿದಿದೆ. ಆಗಿನ ಕಂಪೈಲರು ಎಲ್ಲ ಸ್ಟ್ರಕ್ಟುಗಳ ಅಂಗಗಳ ಹೆಸರುಗಳನ್ನೂ ಒಂದೇ ಪಟ್ಟಿಯಲ್ಲಿ ಇಡುತ್ತಿತ್ತು. ಎರಡು ಸ್ಟ್ರಕ್ಟುಗಳಲ್ಲಿ ಒಂದೇ ಹೆಸರಿನ ಅಂಗವಿದ್ದರೆ ಘರ್ಷಣೆ. ಆದುದರಿಂದ ಕಾಲದ ಅಂಗಗಳಿಗೆಲ್ಲ ‘ಟಿಎಂ’ ಎಂದೂ, ಕಡತವಿವರದ ಅಂಗಗಳಿಗೆಲ್ಲ ‘ಎಸ್‌ಟಿ’ ಎಂದೂ ಮೊದಲಕ್ಷರಗಳನ್ನು ಅಂಟಿಸಿದರು. ಊರಿನಲ್ಲಿ ನಾಲ್ವರು ಬಸಪ್ಪಗಳಿದ್ದರೆ ಮನೆತನದ ಹೆಸರು ಸೇರಿಸಿ ಕರೆಯುವಂತೆಯೇ ಇದು. ಕಂಪೈಲರಿನ ಆ ಕೊರತೆ ನೀಗಿ ದಶಕಗಳಾದರೂ ಮನೆತನದ ಹೆಸರುಗಳು ಹಾಗೆಯೇ ಉಳಿದುಕೊಂಡಿವೆ.

೩

೧೯೭೯ರ ಏಳನೆಯ ಆವೃತ್ತಿಯಲ್ಲಿ ವ್ಯವಸ್ಥೆ ಒಂದು ಹದಕ್ಕೆ ಬಂದಿತು. ಅಷ್ಟರಲ್ಲಿ ಭಾಷೆಗೆ ‘ಟೈಪ್‌ಡೆಫ್’ ಬಂದಿತ್ತು. ಇದು ಅಪ್ಪಟ ಸಂಜ್ಞಾಸೂತ್ರ. ಇರುವ ಪ್ರಕಾರವೊಂದಕ್ಕೆ ಹೊಸ ಹೆಸರನ್ನು ಕೊಡುತ್ತದೆ. ಕಾಲವನ್ನು ಹೇಳುವ ‘ಟೈಮ್-ಟಿ’, ಕಡತದಲ್ಲಿನ ಸ್ಥಾನವನ್ನು ಹೇಳುವ ‘ಆಫ್-ಟಿ’, ಸಾಧನವನ್ನು ಹೇಳುವ ‘ಡೆವ್-ಟಿ’ ಮುಂತಾದ ಹೆಸರುಗಳನ್ನೆಲ್ಲ ‘ಟೈಪ್ಸ್’ ಎಂಬ ಒಂದೇ ಹೆಡರಿನಲ್ಲಿ ಹೇಳಲಾಯಿತು. ಕಡತವಿವರದ ವಿನ್ಯಾಸಕ್ಕೆ ‘ಸ್ಟ್ಯಾಟ್’ ಎಂಬ ಪ್ರತ್ಯೇಕ ಹೆಡರು ಬಂದಿತು.

ಆದರೆ ‘ಸ್ಟ್ಯಾಟ್’ ಹೆಡರಿಗೆ ‘ಟೈಪ್ಸ್’ ಹೆಡರಿನ ಹೆಸರುಗಳು ಬೇಕು. ತನಗೆ ಬೇಕಾದುದನ್ನು ಅದು ತಾನೇ ತರಿಸಿಕೊಳ್ಳುತ್ತಿರಲಿಲ್ಲ. ಮೊದಲು ‘ಟೈಪ್ಸ್’ ಅನ್ನು, ಅನಂತರ ‘ಸ್ಟ್ಯಾಟ್’ ಅನ್ನು ತರಿಸಬೇಕೆಂದು ಕೈಪಿಡಿಯಲ್ಲಿ ಬರೆದಿದ್ದರು. ಕ್ರಮ ತಪ್ಪಿದರೆ ದೋಷ; ಎರಡು ಬಾರಿ ತರಿಸಿದರೂ ದೋಷ. ಹೆಡರುಗಳು ಹತ್ತಿಪ್ಪತ್ತು ಇರುವವರೆಗೆ ಇದು ನಡೆಯಿತು. ನೂರಾದ ಮೇಲೆ ನಡೆಯಲಿಲ್ಲ.

ತೊಡಕು ಹುಟ್ಟುವ ಬಗೆಯನ್ನು ಬ್ಯಾಂಕಿನ ಲೆಕ್ಕದಿಂದಲೇ ತಿಳಿಯಬಹುದು. ‘ದಿನಾಂಕ’ ಎಂಬ ಹೆಡರಿನಲ್ಲಿ ದಿನಾಂಕದ ಲಕ್ಷಣವಿದೆ ಎಂದಿಟ್ಟುಕೊಳ್ಳೋಣ. ‘ಖಾತೆ’ಯ ಹೆಡರಿಗೆ ಖಾತೆ ತೆರೆದ ದಿನ ಬೇಕು, ಅದು ‘ದಿನಾಂಕ’ವನ್ನು ತರಿಸುತ್ತದೆ. ‘ಸಾಲ’ದ ಹೆಡರಿಗೆ ವಾಯಿದೆಯ ದಿನ ಬೇಕು, ಅದೂ ‘ದಿನಾಂಕ’ವನ್ನು ತರಿಸುತ್ತದೆ. ಬಡ್ಡಿಯನ್ನು ಲೆಕ್ಕಹಾಕುವ ಕ್ರಮವಿಧಿ ಖಾತೆ, ಸಾಲ ಎರಡನ್ನೂ ತರಿಸಿದಾಗ ದಿನಾಂಕದ ಲಕ್ಷಣ ಒಂದೇ ಪಠ್ಯದಲ್ಲಿ ಎರಡು ಬಾರಿ ಬಂದುಬಿಡುತ್ತದೆ. ಯಾರೂ ತಪ್ಪು ಮಾಡಿಲ್ಲ. ಆದರೂ ಕಂಪೈಲರು ಪುನರುಕ್ತಿದೋಷವನ್ನು ಎತ್ತಿ ಕೆಲಸವನ್ನು ನಿಲ್ಲಿಸುತ್ತದೆ.

ಇದಕ್ಕೆ ಕಂಡುಕೊಂಡ ಪರಿಹಾರವೇ ಕಾವಲು ಗುರುತು. ಹೆಡರಿನ ಮೊದಲ ಸಾಲಿನಲ್ಲಿ ‘ಈ ಗುರುತು ಇನ್ನೂ ಬಿದ್ದಿಲ್ಲವಾದರೆ’ ಎಂಬ ಷರತ್ತು, ಎರಡನೆಯ ಸಾಲಿನಲ್ಲಿ ಗುರುತನ್ನು ಹಾಕುವ ಆಜ್ಞೆ, ನಡುವೆ ಲಕ್ಷಣಗಳು, ಕೊನೆಯಲ್ಲಿ ಷರತ್ತಿನ ಮುಕ್ತಾಯ. ಮೊದಲ ಸಲ ಓದಿದಾಗ ಗುರುತು ಬೀಳುತ್ತದೆ. ಎರಡನೆಯ ಸಲ ಬಂದಾಗ ಗುರುತು ಕಂಡು ನಡುವಣ ಭಾಗವನ್ನೆಲ್ಲ ಹಾರಿಸಿಬಿಡುತ್ತದೆ. ಚೆಕ್ಕಿಗೆ ಹಣ ಕೊಟ್ಟೊಡನೆ ಅದರ ಮೇಲೆ ‘ಪಾವತಿ’ ಮುದ್ರೆಯನ್ನು ಒತ್ತುವುದೂ ಇದೇ ಉದ್ದೇಶದಿಂದ: ಅದೇ ಚೆಕ್ಕು ಮತ್ತೆ ಕಿಂಡಿಗೆ ಬಂದರೆ ಎರಡನೆಯ ಸಲ ಹಣ ಹೊರಡಬಾರದು.

ಕಾವಲು ಗುರುತಿನ ಗುಣ ದೊಡ್ಡದು, ಮಿತಿಗಳೂ ಸಣ್ಣವಲ್ಲ. ಬೇರೆಬೇರೆ ಜನರು ಬರೆದ ಎರಡು ಹೆಡರುಗಳು ಆಕಸ್ಮಿಕವಾಗಿ ಒಂದೇ ಗುರುತನ್ನು ಬಳಸಿದರೆ ಎರಡನೆಯದು ಸದ್ದಿಲ್ಲದೆ ಮಾಯವಾಗುತ್ತದೆ. ಹಾರಿಸಬೇಕಾದರೂ ಕಡತವನ್ನು ತೆರೆದು ಕೊನೆಯವರೆಗೆ ನೋಡಲೇಬೇಕು. ರಾಬ್ ಪೈಕ್ ಅವರು ೨೦೧೨ರಲ್ಲಿ ಹೇಳಿದಂತೆ, ೧೯೮೪ರಲ್ಲಿ ‘ಪಿಎಸ್’ ಎಂಬ ಯುನಿಕ್ಸ್ ಕ್ರಮವಿಧಿಯೊಂದನ್ನು ಕಂಪೈಲ್ ಮಾಡಿದಾಗ ಅದೇ ‘ಸ್ಟ್ಯಾಟ್’ ಹೆಡರು ೩೭ ಬಾರಿ ಬಂದಿತು. ೩೬ ಬಾರಿ ಓದಿ ಎಸೆದದ್ದು ವ್ಯರ್ಥ. ಪೈಕ್ ಅವರು ೧೯೮೯ರಲ್ಲಿಯೇ ಹೆಡರು ಹೆಡರನ್ನು ತರಿಸಲೇಬಾರದೆಂಬ ಕಠಿನ ನಿಯಮವನ್ನು ಪ್ರತಿಪಾದಿಸಿದ್ದರು. ಲೋಕ ಅದನ್ನು ಒಪ್ಪಲಿಲ್ಲ. ಕಾವಲು ಇರುವ ಕಡತವನ್ನು ನೆನಪಿಟ್ಟುಕೊಂಡು ಮತ್ತೆ ತೆರೆಯದಿರುವಂತೆ ಕಂಪೈಲರುಗಳೇ ಜಾಣತನ ಕಲಿತುವು. ‘ಪ್ರಾಗ್ಮಾ ಒನ್ಸ್’ ಎಂಬ ಒಂದೇ ಸಾಲಿನ ಆಜ್ಞೆಯೂ ಅನೇಕ ಕಂಪೈಲರುಗಳಲ್ಲಿ ಬಂದಿತು. ಆದರೆ ಅದು ಭಾಷೆಯ ಅಧಿಕೃತ ನಿಯಮಾವಳಿಯನ್ನು ಸೇರಲಿಲ್ಲ.

ಈ ಮಿತಿಗಳಿಗಿಂತ ಗಂಭೀರವಾದ ಮಿತಿ ಬೇರೊಂದಿದೆ. ಮುದ್ರೆ ಬೀಳುವುದು ಕಡತಕ್ಕೆ, ಹೆಸರಿಗಲ್ಲ. ಒಂದೇ ಕಡತ ಎರಡು ಬಾರಿ ಬರುವುದನ್ನು ಅದು ತಡೆಯುತ್ತದೆ. ಒಂದೇ ಹೆಸರು ಎರಡು ಕಡತಗಳಲ್ಲಿ ಇರುವುದನ್ನು ತಡೆಯಲಾರದು.

೪

ಈ ಕೊರತೆಯನ್ನು ಭಾಷೆಯ ನಿಯಮಾವಳಿಯನ್ನು ಬರೆದವರೇ ಎದುರಿಸಬೇಕಾಯಿತು. ೧೯೮೯ರ ಅಮೆರಿಕನ್ ಮಾನಕ, ಯಾವ ಪ್ರಮಾಣ ಹೆಡರನ್ನಾಗಲಿ ಯಾವ ಕ್ರಮದಲ್ಲಿಯಾದರೂ ಎಷ್ಟು ಬಾರಿಯಾದರೂ ತರಿಸಬಹುದೆಂದು ವಿಧಿಸಿತು. ಇದಕ್ಕೆ ಉದ್ದೇಶಪೂರ್ವಕವಾದ ಅಪವಾದ ಒಂದೇ, ‘ಅಸರ್ಟ್’ ಎಂಬುದು. ಏಳನೆಯ ಆವೃತ್ತಿಯ ಕೈಪಿಡಿ ಬಳಸುವವನ ತಲೆಗೆ ಕಟ್ಟಿದ್ದ ಹೊರೆಯನ್ನು ಮಾನಕವು ಹೆಡರನ್ನು ಬರೆಯುವವನ ತಲೆಗೆ ವರ್ಗಾಯಿಸಿತು.

ಹೊರೆ ಹಗುರವಾದುದಾಗಿರಲಿಲ್ಲ. ಪದಾರ್ಥದ ಗಾತ್ರವನ್ನು ಹೇಳುವ ‘ಸೈಜ್-ಟಿ’ ಎಂಬ ಹೆಸರನ್ನು ಆ ಮಾನಕ ಐದು ಹೆಡರುಗಳಲ್ಲಿ ಇರಬೇಕೆಂದು ಕೇಳಿತು: ಸಾಮಾನ್ಯ ಲಕ್ಷಣಗಳದು, ಓದುಬರಹದ್ದು, ಸಾಮಾನ್ಯ ಉಪಕರಣಗಳದು, ಅಕ್ಷರಮಾಲೆಗಳದು, ಕಾಲದ್ದು. ಒಂದರಲ್ಲಿಟ್ಟು ಉಳಿದ ನಾಲ್ಕು ಅದನ್ನು ತರಿಸಿಕೊಳ್ಳಬಹುದಲ್ಲ ಎಂದರೆ, ಆ ಒಂದು ಹೆಡರಿನಲ್ಲಿರುವ ಬೇರೆ ಹೆಸರುಗಳೂ ಅದರ ಬೆನ್ನಿಗೆ ಬರುತ್ತವೆ. ಕೇಳದ ಹೆಸರುಗಳನ್ನು ಒಳಗೆ ತರಬಾರದೆಂಬುದೂ ಮಾನಕದ ಕಟ್ಟಳೆ. ಹೀಗಾಗಿ ಕಾವಲನ್ನು ಕಡತದಿಂದ ಇಳಿಸಿ ಒಂದೊಂದು ಹೆಸರಿಗೂ ಹಾಕಬೇಕಾಯಿತು: ‘ಸೈಜ್-ಟಿ ಇನ್ನೂ ಹೇಳಿಲ್ಲವಾದರೆ ಹೇಳು’. ಪಿ. ಜೆ. ಪ್ಲಾಗರ್ ಅವರು ೧೯೯೨ರಲ್ಲಿ ಪ್ರಕಟಿಸಿದ ಪ್ರಮಾಣ ಗ್ರಂಥಾಲಯದ ಕುರಿತ ಗ್ರಂಥದಲ್ಲಿ ಈ ವಿಧಾನವನ್ನು ಕಾಣಬಹುದು.

ಒಂದೇ ಮನೆಯವರು ಬರೆದ ಐದು ಹೆಡರುಗಳಲ್ಲಿ ಗುರುತಿನ ಹೆಸರೂ ಒಂದೇ ಇರುತ್ತದೆ. ಬೇರೆಬೇರೆ ಮನೆಯವರಾದರೆ? ‘ಜಿ.ಸಿ.ಸಿ.’ ಎಂಬ ಪ್ರಸಿದ್ಧ ಕಂಪೈಲರಿನ ಜತೆಗೆ ಬರುವ ಸಾಮಾನ್ಯ ಲಕ್ಷಣಗಳ ಹೆಡರಿನಲ್ಲಿ, ಸೈಜ್-ಟಿ ಎಂಬ ಒಂದು ಹೆಸರಿಗಾಗಿ ಹನ್ನೆರಡಕ್ಕಿಂತ ಹೆಚ್ಚು ಕಾವಲು ಗುರುತುಗಳನ್ನು ಪಟ್ಟಿಮಾಡಲಾಗಿದೆ. ಒಂದೊಂದು ಯಂತ್ರತಯಾರಕನೂ ಒಂದೊಂದು ಗುರುತನ್ನು ಬಳಸುತ್ತಿದ್ದುದರಿಂದ ಎಲ್ಲರ ಗುರುತುಗಳನ್ನೂ ವಿಚಾರಿಸಿ, ಎಲ್ಲರ ಗುರುತುಗಳನ್ನೂ ತಾನೂ ಹಾಕಬೇಕು. ಲಕ್ಷಣಕ್ಕೆ ಯಜಮಾನನಿಲ್ಲದಿದ್ದರೆ ಕಾವಲುಗಾರರ ಸಂಖ್ಯೆ ಹೇಗೆ ಬೆಳೆಯುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಕಿಲ್ಲ.

ಇನ್ನೊಂದು ಪ್ರಸಂಗವೂ ಉಲ್ಲೇಖಾರ್ಹವಾಗಿದೆ. ಚಿತ್ರಗಳನ್ನು ಸಂಕ್ಷೇಪಿಸುವ ‘ಲಿಬ್‌ಜೆಪೆಗ್’ ಎಂಬ ಗ್ರಂಥಾಲಯ ‘ಇಂಟ್-೩೨’ ಎಂಬ ಹೆಸರನ್ನು ತನ್ನ ಹೆಡರಿನಲ್ಲಿ ಹೇಳಿತ್ತು. ‘ಎಕ್ಸ್’ ಎಂಬ ಕಿಟಕಿ ವ್ಯವಸ್ಥೆಯ ಹೆಡರಿನಲ್ಲಿಯೂ ಅದೇ ಹೆಸರು ಇತ್ತು. ಲಿಬ್‌ಜೆಪೆಗ್‌ನವರು ಮಾಡಿದುದೇನೆಂದರೆ, ಎಕ್ಸ್ ಹೆಡರಿನ ಕಾವಲು ಗುರುತನ್ನೇ ತಮ್ಮ ಕಡತದಲ್ಲಿ ವಿಚಾರಿಸಿ, ಅದು ಬಿದ್ದಿದ್ದರೆ ತಾವು ಸುಮ್ಮನಿರುವುದು. ನೆರೆಯವನ ಬಾಗಿಲಿಗೆ ಬೀಗವಿದೆಯೇ ಎಂದು ನೋಡಿ ತನ್ನ ಬಾಗಿಲನ್ನು ತೆರೆಯುವ ಉಪಾಯವಿದು. ಮುಂದೆ ವಿಂಡೋಸ್ ವ್ಯವಸ್ಥೆಯ ಹೆಡರಿನಲ್ಲಿಯೂ ಅದೇ ಹೆಸರು ಬಂದಿತು. ಲಿಬ್‌ಜೆಪೆಗ್‌ನಲ್ಲಿ ಅದು ‘ಲಾಂಗ್’, ವಿಂಡೋಸಿನಲ್ಲಿ ‘ಇಂಟ್’. ಮೂರನೆಯ ನೆರೆಯವನ ಗುರುತನ್ನು ಯಾರೂ ವಿಚಾರಿಸಿರಲಿಲ್ಲವಾಗಿ ಎರಡನ್ನೂ ತರಿಸಿದವರಿಗೆ ವಿರೋಧದೋಷ ಎದುರಾಯಿತು. ನಿಶ್ಚಿತ ಅಗಲದ ಪೂರ್ಣಾಂಕಗಳಿಗೆ ೧೯೯೯ರ ಮಾನಕ ಅಧಿಕೃತ ಹೆಸರುಗಳನ್ನೂ ಅವುಗಳಿಗೆ ಒಂದು ಹೆಡರನ್ನೂ ಕೊಟ್ಟ ಮೇಲೆಯೇ ಈ ಜಾತಿಯ ಜಗಳಗಳು ತಗ್ಗುವ ದಾರಿ ಕಂಡಿತು.

೫

ಇಲ್ಲಿಯವರೆಗೆ ಹೇಳಿದುದೆಲ್ಲ ಒಂದೇ ಪುಟದಲ್ಲಿ ಹಾಲಿಯೂ ಕಲ್ದಾರವೂ ಬೆರೆತ ಪ್ರಸಂಗ. ಕಂಪೈಲರು ಎಂಬ ಗುಮಾಸ್ತ ತಡೆದು ನಿಲ್ಲಿಸುತ್ತಾನೆ. ಕ್ರಮವಿಧಿಕಾರ ಗೊಣಗಿಕೊಂಡು ತಿದ್ದುತ್ತಾನೆ. ಎರಡು ಊರುಗಳ ಎರಡು ಪುಸ್ತಕಗಳ ಪ್ರಸಂಗ ಇದಕ್ಕಿಂತ ಭಯಂಕರ.

ಬಡ್ಡಿಯ ಕಡತದಲ್ಲಿ ‘ಖಾತೆ’ಯ ಲಕ್ಷಣದ ಒಂದು ನಕಲು, ವರದಿಯ ಕಡತದಲ್ಲಿ ಇನ್ನೊಂದು ನಕಲು ಇವೆಯೆಂದು ಊಹಿಸಬಹುದು. ಒಂದು ದಿನ ಬಡ್ಡಿಯ ಕಡೆಯವರು ಶಾಖೆಯ ಸಂಖ್ಯೆಗೆ ನಾಲ್ಕು ಬೈಟುಗಳ ಬದಲು ಎಂಟನ್ನು ಕೊಡುತ್ತಾರೆ. ಅದರ ಮುಂದಿನ ಶಿಲ್ಕು ನಾಲ್ಕು ಬೈಟು ಆಚೆಗೆ ಸರಿಯುತ್ತದೆ. ವರದಿಯ ಕಡತಕ್ಕೆ ಇದು ಗೊತ್ತಿಲ್ಲ. ಅದು ಹಳೆಯ ಸ್ಥಾನದಲ್ಲಿಯೇ ಶಿಲ್ಕನ್ನು ಓದುತ್ತದೆ. ಎರಡು ಕಡತಗಳನ್ನೂ ಕಂಪೈಲರು ಬೇರೆಬೇರೆಯಾಗಿ ನೋಡಿ ನಿರ್ದೋಷವೆಂದು ಒಪ್ಪುತ್ತದೆ. ಸಾಂಪ್ರದಾಯಿಕ ಲಿಂಕರು ಹೆಸರನ್ನು ನೋಡುತ್ತದೆಯೇ ಹೊರತು ಪ್ರಕಾರವನ್ನು ನೋಡುವುದಿಲ್ಲ. ಹೆಸರು ಕೂಡಿತು, ಬೆಸುಗೆ ಬಿದ್ದಿತು, ಯಂತ್ರ ಓಡಿತು. ಬಂದ ಅಂಕಿ ಮಾತ್ರ ಸುಳ್ಳು.

ಬೆಲ್ ಪ್ರಯೋಗಾಲಯದವರಿಗೆ ಈ ಅಪಾಯ ತಿಳಿಯದೆ ಇರಲಿಲ್ಲ. ಸ್ಟೀಫನ್ ಜಾನ್ಸನ್ ಅವರು ರಚಿಸಿದ ‘ಲಿಂಟ್’ ಎಂಬ ಪರೀಕ್ಷಕ ಏಳನೆಯ ಆವೃತ್ತಿಯ ಜತೆಗೇ ಬಂದಿತು. ಅನೇಕ ಕಡತಗಳನ್ನು ಒಟ್ಟಿಗೆ ನೋಡಿ ಅವುಗಳೊಳಗಿನ ವಿರೋಧಗಳನ್ನು ಹೇಳುವುದು ಅದರ ಕೆಲಸಗಳಲ್ಲೊಂದು. ಅದು ಬ್ಯಾಂಕುಗಳಲ್ಲಿನ ಲೆಕ್ಕಪರಿಶೋಧಕನಿದ್ದಂತೆ: ಕರೆದರೆ ಬರುತ್ತದೆ, ಕರೆಯದಿದ್ದರೆ ಇಲ್ಲ.

ಪ್ರಕಾರಗಳ ವಿಷಯ ಹೀಗಾದರೆ, ಪದಾರ್ಥಗಳ ವಿಷಯದಲ್ಲಿ ಸಡಿಲು ಇನ್ನೂ ಹೆಚ್ಚಾಗಿತ್ತು. ಆರನೆಯ ಆವೃತ್ತಿಯ ಒಳತಿರುಳಿನಲ್ಲಿ, ನಡೆಯುತ್ತಿರುವ ಕ್ರಮವಿಧಿಗಳ ಪಟ್ಟಿ ಹೆಡರಿನೊಳಗೇ ಹುಟ್ಟುತ್ತಿತ್ತು. ಹೆಡರನ್ನು ತರಿಸಿದ ಪ್ರತಿಯೊಂದು ಕಡತವೂ ಒಂದೊಂದು ಪಟ್ಟಿಯನ್ನು ಹೇಳಿದಂತಾಗಿ, ಕೊನೆಗೆ ಲಿಂಕರು ಅವೆಲ್ಲವನ್ನೂ ಒಂದೇ ಎಂದು ಭಾವಿಸಿ ಕೂಡಿಸಿಬಿಡುತ್ತಿತ್ತು. ಫೋರ್ಟ್ರಾನ್ ಭಾಷೆಯ ‘ಕಾಮನ್’ ಎಂಬ ಏರ್ಪಾಟಿನ ಛಾಯೆ ಇದರಲ್ಲಿದೆ. ಜಿ.ಸಿ.ಸಿ. ಕಂಪೈಲರು ಈ ಔದಾರ್ಯವನ್ನು ತನ್ನ ಸಹಜಕ್ರಮವಾಗಿ ೨೦೨೦ರವರೆಗೂ ಉಳಿಸಿಕೊಂಡಿತ್ತು. ಆ ವರ್ಷದ ಹತ್ತನೆಯ ಆವೃತ್ತಿಯಲ್ಲಿ ಅದನ್ನು ನಿಲ್ಲಿಸಿದೊಡನೆ, ಎಷ್ಟೋ ಕಾಲದಿಂದ ನಿರಾತಂಕವಾಗಿ ನಡೆದುಬಂದಿದ್ದ ಹಳೆಯ ಕ್ರಮವಿಧಿಗಳು ‘ಅನೇಕ ಲಕ್ಷಣಗಳು’ ಎಂಬ ದೋಷದಿಂದ ನಿಂತುವು. ದೋಷ ಅಂದು ಹುಟ್ಟಿದ್ದಲ್ಲ. ಅಂದು ಕಣ್ಣಿಗೆ ಬಿದ್ದದ್ದು.

೬

ಲಕ್ಷಣವನ್ನು ಒಂದೇ ಕಡೆ ಇಡುವುದರ ಫಲವೇನೆಂಬುದನ್ನು ಟೈಮ್-ಟಿ ಎಂಬ ಹೆಸರಿನ ಚರಿತ್ರೆ ಸ್ಪಷ್ಟಪಡಿಸುತ್ತದೆ. ಏಳನೆಯ ಆವೃತ್ತಿಯಲ್ಲಿ ಅದರ ಲಕ್ಷಣ ‘ಲಾಂಗ್’. ಆ ಯಂತ್ರದಲ್ಲಿ ಮೂವತ್ತೆರಡು ಬಿಟ್ಟುಗಳು. ೧೯೭೦ರ ಜನವರಿ ೧ರಿಂದ ಕಳೆದ ಸೆಕೆಂಡುಗಳನ್ನು ಅದು ಎಣಿಸುತ್ತದೆ. ಚಿಹ್ನೆಸಹಿತವಾದ ಮೂವತ್ತೆರಡು ಬಿಟ್ಟುಗಳಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ ೨,೧೪೭,೪೮೩,೬೪೭. ಭಾರತೀಯ ಕಾಲಮಾನದ ಪ್ರಕಾರ ೨೦೩೮ರ ಜನವರಿ ೧೯ರ ಬೆಳಿಗ್ಗೆ ೮ ಗಂಟೆ ೪೪ ನಿಮಿಷ ೭ ಸೆಕೆಂಡಿಗೆ ಆ ಎಣಿಕೆ ತುಂಬುತ್ತದೆ. ಮುಂದಿನ ಸೆಕೆಂಡಿಗೆ ಅಂತಹ ಯಂತ್ರದ ಕಾಲ ಸಾಮಾನ್ಯವಾಗಿ ೧೯೦೧ಕ್ಕೆ ಹಿಂದಿರುಗುತ್ತದೆ.

ಇದು ದೂರದ ಮಾತೆಂದು ತಿಳಿಯಬಾರದು. ೨೦೧೦ರಲ್ಲಿ ಮೂವತ್ತು ವರ್ಷಗಳ ಅವಧಿಗೆ ಕೊಟ್ಟ ಗೃಹಸಾಲದ ಕೊನೆಯ ಕಂತು ೨೦೪೦ರಲ್ಲಿ ಬೀಳುತ್ತದೆ. ಅಂತಹ ದಿನಾಂಕವನ್ನು ಹಳೆಯ ಲಕ್ಷಣದ ಕಾಲದಲ್ಲಿ ಬರೆದಿಡಲು ಹೊರಟ ಕ್ರಮವಿಧಿಗೆ ೨೦೩೮ರವರೆಗೆ ಕಾಯುವ ಅವಕಾಶವಿರಲಿಲ್ಲ.

ಪರಿಹಾರ ಸರಳ: ಟೈಮ್-ಟಿಯನ್ನು ಅರುವತ್ತನಾಲ್ಕು ಬಿಟ್ಟುಗಳಿಗೆ ಏರಿಸುವುದು. ‘ಓಪನ್‌ಬಿಎಸ್‌ಡಿ’ ೨೦೧೪ರಲ್ಲಿ ಎಲ್ಲ ಯಂತ್ರಗಳಿಗೂ ಇದನ್ನು ಮಾಡಿತು. ಮೂವತ್ತೆರಡು ಬಿಟ್ಟಿನ ಯಂತ್ರಗಳಿಗಾಗಿ ಲಿನಕ್ಸಿನ ಒಳತಿರುಳು ೨೦೨೦ರಲ್ಲಿ ಸಿದ್ಧವಾಯಿತು. ಟೈಮ್-ಟಿ ಎಂಬ ಹೆಸರನ್ನೇ ಬಳಸಿದ್ದ ಕ್ರಮವಿಧಿಗಳಿಗೆ ಹೆಡರಿನಲ್ಲಿ ಒಂದು ಸಾಲಿನ ಬದಲಾವಣೆ, ಬಳಿಕ ಮರುಕಂಪೈಲು, ಬಹುಮಟ್ಟಿಗೆ ಅಷ್ಟೇ. ‘ಕಾಲವೆಂದರೆ ಲಾಂಗ್ ತಾನೆ’ ಎಂದು ತಿಳಿದು ತಮ್ಮ ಹೆಡರುಗಳಲ್ಲಿ ತಮ್ಮದೇ ನಕಲನ್ನು ಮಾಡಿಕೊಂಡಿದ್ದವರಿಗೆ ಆ ಸಾಲಿನ ಪ್ರಯೋಜನ ದೊರೆಯಲಿಲ್ಲ. ಅವರು ಒಂದೊಂದು ಕಡತವನ್ನೂ ಹುಡುಕಬೇಕು.

ಇಲ್ಲಿ ಒಂದು ಸೂಕ್ಷ್ಮವಿದೆ. ಕಂಪೈಲ್ ಆಗಿ ಸಿದ್ಧವಾದ ಕ್ರಮವಿಧಿಯೂ ಲಕ್ಷಣದ ಒಂದು ನಕಲೇ. ಆ ದಿನದ ಲಕ್ಷಣ ಅದರಲ್ಲಿ ಹೆಪ್ಪುಗಟ್ಟಿ ಕುಳಿತಿರುತ್ತದೆ. ಹೊಸ ಟೈಮ್-ಟಿಯಿಂದ ಕಟ್ಟಿದ ಗ್ರಂಥಾಲಯ, ಹಳೆಯದರಿಂದ ಕಟ್ಟಿದ ಕ್ರಮವಿಧಿ ಇವೆರಡೂ ಕೂಡಿದರೆ ಎರಡು ಊರುಗಳ ಎರಡು ಪುಸ್ತಕಗಳ ಕಥೆಯೇ ಪುನರಾವೃತ್ತಿಯಾಗುತ್ತದೆ. ಆದುದರಿಂದಲೇ ‘ಡೆಬಿಯನ್’ ಸಂಘಟನೆಯವರು ೨೦೨೪ರಲ್ಲಿ ಈ ಬದಲಾವಣೆಯನ್ನು ಕೈಗೊಂಡಾಗ ಸಂಬಂಧಪಟ್ಟ ಗ್ರಂಥಾಲಯಗಳ ಹೆಸರುಗಳನ್ನೇ ಬದಲಿಸಿ, ಅವನ್ನು ಆಶ್ರಯಿಸಿದವುಗಳನ್ನೆಲ್ಲ ಒಟ್ಟಿಗೆ ಮರುಕಟ್ಟಬೇಕಾಯಿತು.

೭

ಕನ್ನಡ ಲಿಪಿಯ ಇತ್ತೀಚಿನ ಚರಿತ್ರೆಯಲ್ಲಿ ಇದರ ಪ್ರತಿಬಿಂಬವನ್ನು ಕಾಣಬಹುದು. ಗಣಕದಲ್ಲಿ ಕನ್ನಡ ಬಂದ ಮೊದಲ ದಶಕಗಳಲ್ಲಿ ಒಂದೊಂದು ಅಕ್ಷರತಂತ್ರಾಂಶವೂ ಅಕ್ಷರಗಳ ತುಣುಕುಗಳಿಗೆ ತನ್ನದೇ ಅಂಕಿಗಳನ್ನು ಕೊಟ್ಟಿತ್ತು. ಒಂದರಲ್ಲಿ ಬರೆದ ಲೇಖನವನ್ನು ಇನ್ನೊಂದರಲ್ಲಿ ತೆರೆದರೆ ಕಾಣುತ್ತಿದ್ದುದು ಕಲಸುಮೇಲೋಗರ. ೧೯೯೧ರಲ್ಲಿ ಭಾರತೀಯ ಮಾನಕವಾದ ಇಸ್ಕಿಯೂ ಅದೇ ವರ್ಷ ಯುನಿಕೋಡಿನ ಮೊದಲ ಆವೃತ್ತಿಯೂ ಬಂದುವು. ಕ್ರಮೇಣ ಯುನಿಕೋಡ್ ಎಲ್ಲರಿಗೂ ಸಮಾನವಾದ ಲಕ್ಷಣಪತ್ರವಾಯಿತು. ಅದರಲ್ಲಿಯೂ ಒಂದು ಎಡವಟ್ಟು ನಡೆದಿದೆ. ಹಳಗನ್ನಡದ ‘ೞ’ಕಾರಕ್ಕೆ ಅಲ್ಲಿ ಕೊಟ್ಟಿರುವ ಹೆಸರು ‘ಫ’ ಎಂಬ ಉಚ್ಚಾರಣೆಯದು. ಒಮ್ಮೆ ಪ್ರಕಟವಾದ ಹೆಸರನ್ನು ಬದಲಿಸಬಾರದೆಂಬುದು ಯುನಿಕೋಡಿನ ಕಟ್ಟಳೆಯಾದುದರಿಂದ ತಪ್ಪು ಹೆಸರು ಹಾಗೆಯೇ ಉಳಿದು, ಸರಿಯಾದ ಹೆಸರನ್ನು ಪರ್ಯಾಯನಾಮವಾಗಿ ದಾಖಲಿಸಲಾಗಿದೆ. ಆದರೂ ಒಂದು ಸಮಾಧಾನವಿದೆ: ತಪ್ಪು ಇರುವುದು ಒಂದೇ ಸ್ಥಳದಲ್ಲಿ, ತಿದ್ದುಪಡಿ ಇರುವುದೂ ಅದೇ ಸ್ಥಳದಲ್ಲಿ. ಹತ್ತು ಕಡೆ ಹತ್ತು ಹೆಸರುಗಳಿದ್ದರೆ ತಪ್ಪು ಯಾವುದೆಂದು ನಿರ್ಣಯಿಸುವುದೇ ಅಸಾಧ್ಯವಾಗುತ್ತಿತ್ತು.

‘ಸಿ’ ಭಾಷೆಯ ನಿಯಮಕಾರರು ಇತ್ತೀಚೆಗೆ ಕೆಲವು ರಿಯಾಯಿತಿಗಳನ್ನು ಕೊಟ್ಟಿದ್ದಾರೆ. ೨೦೧೧ರ ಮಾನಕದ ಪ್ರಕಾರ ಒಂದೇ ಟೈಪ್‌ಡೆಫನ್ನು ಎರಡು ಬಾರಿ ಹೇಳಬಹುದು. ಎರಡೂ ಅದೇ ಪ್ರಕಾರವನ್ನು ಹೇಳಿದರೆ ಸಾಕು. ೨೦೨೪ರಲ್ಲಿ ಪ್ರಕಟವಾದ ಈಚಿನ ಮಾನಕ ಇದನ್ನು ಸ್ಟ್ರಕ್ಟುಗಳಿಗೂ ವಿಸ್ತರಿಸಿ, ಅಂಗಾಂಗಗಳೆಲ್ಲ ಒಂದೇ ಆಗಿದ್ದರೆ ಪುನರುಕ್ತಿಯನ್ನು ಕ್ಷಮಿಸುತ್ತದೆ. ಇವು ಸ್ವಾಗತಾರ್ಹವಾದುವು, ಸೈಜ್-ಟಿಯ ಕಾವಲುಗಾರರ ದಂಡನ್ನು ಮನೆಗೆ ಕಳುಹಿಸಲು ಇವು ನೆರವಾಗುತ್ತವೆ. ಆದರೆ ಈ ಕ್ಷಮೆ ದೊರೆಯುವುದು ಇಂದು ಸಮಾನವಾಗಿರುವ ನಕಲುಗಳಿಗೆ ಮಾತ್ರ. ನಾಳೆ ಅವುಗಳಲ್ಲೊಂದು ಬದಲಾದರೆ, ಒಂದೇ ಪುಟದಲ್ಲಿದ್ದಾಗ ಕಂಪೈಲರು ಹಿಡಿಯುತ್ತದೆ. ಬೇರೆ ಪುಟಗಳಲ್ಲಿದ್ದರೆ ಅದು ಎಂದಿನಂತೆ ಮೌನ.

ಹಾಗಾದರೆ ಈ ಅರ್ಧ ಶತಮಾನದ ಅನುಭವದಿಂದ ನಿಲ್ಲುವ ವಿವೇಕವೇನು? ಪ್ರತಿಯೊಂದು ಹೆಸರಿಗೂ ಒಬ್ಬ ಯಜಮಾನ, ಒಂದು ಹೆಡರು ಇರಬೇಕು. ಆ ಹೆಡರು ತನಗೆ ಬೇಕಾದ ಇತರ ಹೆಡರುಗಳನ್ನು ತಾನೇ ತರಿಸಿಕೊಳ್ಳಬೇಕು, ತನ್ನ ಕಾವಲನ್ನು ತಾನೇ ಹಾಕಿಕೊಳ್ಳಬೇಕು. ವಸ್ತುವಿನ ವಿಳಾಸ ಮಾತ್ರ ಸಾಕಾದ ಕಡೆ ಹೆಸರನ್ನಷ್ಟೇ ಘೋಷಿಸಿ ಒಳವಿನ್ಯಾಸವನ್ನು ಹೇಳದೆ ಬಿಡಬೇಕು. ಹೇಳದ ಲಕ್ಷಣಕ್ಕೆ ಪುನರುಕ್ತಿಯ ಭಯವಿಲ್ಲ. ಅನೇಕರು ಕೂಡಿ ಬಳಸುವ ಹೆಸರುಗಳಿಗೆ ಮನೆತನದ ಮೊದಲಕ್ಷರ ಸೇರಿಸಬೇಕು. ಮಾನಕವೇ ಕೊಟ್ಟಿರುವ ಹೆಸರಿದ್ದಲ್ಲಿ ಸ್ವಂತ ಟಂಕಸಾಲೆಯನ್ನು ತೆರೆಯಬಾರದು.

ಇವುಗಳಲ್ಲಿ ಕಷ್ಟವಾದುದು ಮೊದಲನೆಯದು. ಕಾವಲು ಗುರುತನ್ನು ಹಾಕಲು ಮೂರು ಸಾಲು ಸಾಕು; ಇಬ್ಬರು ಒಂದೇ ಹೆಸರನ್ನು ತಮ್ಮದೆಂದು ಹೇಳುತ್ತಿರುವಾಗ ಯಜಮಾನನಾರೆಂದು ನಿರ್ಣಯಿಸಲು ಕೂತು ಮಾತನಾಡಬೇಕಾಗುತ್ತದೆ. ಕಂಪೈಲರಿನ ಬಾಯನ್ನು ಮುಚ್ಚಿಸುವುದು ಸುಲಭವಾದುದರಿಂದಲೇ ಆ ಮಾತುಕತೆಯನ್ನು ಅನೇಕರು ಮುಂದೂಡಿದರು. ಹೈದರಾಬಾದಿನಲ್ಲಿ ಎರಡು ರೂಪಾಯಿಗಳ ನಡುವಣ ಪ್ರಮಾಣವನ್ನು ಎಷ್ಟೇ ನಿಖರವಾಗಿ ಗೊತ್ತುಮಾಡಿದರೂ ತೊಡಕು ತೀರಲಿಲ್ಲ; ಒಂದು ರೂಪಾಯಿ ಚಲಾವಣೆಯಿಂದ ಹಿಂದೆ ಸರಿದಾಗಲೇ ತೀರಿತು. ಹೆಡರ್ ಕಡತಗಳಲ್ಲಿನ ಎರಡನೆಯ ನಕಲಿಗೂ ಇರುವ ಮದ್ದು ಅದೊಂದೇ.